ಮಾನಿಟರ್ 1080ಪಿ, ಗೇಮ್ 4ಕೆಯಲ್ಲಿ ರೆಂಡರ್: ಇದರಿಂದ ನಿಜವಾಗಿ ಏನಾದರೂ ಸಿಗುತ್ತದಾ?

ಮೆಟ್ಟಿಲುಗೆರೆ
ಎಲ್ಲರಿಗೂ ನಮಸ್ಕಾರ. ನನ್ನ ಮಾನಿಟರ್ 24 ಇಂಚಿನದು, 1920×1080. ಗ್ರಾಫಿಕ್ಸ್ ಕಾರ್ಡಿಗೆ ಇದು ಭಾರವೇ ಅಲ್ಲ. 60 ಫ್ರೇಮ್‌ಗೆ ಲಾಕ್ ಮಾಡಿ ಆಡಿದರೆ ಜಿಪಿಯು (ಕಾರ್ಡಿನ ಚಿಪ್) ಬಳಕೆ ಶೇಕಡಾ 40–45ರ ಸುತ್ತ ಇರುತ್ತದೆ. ಆದರೂ ಚಿತ್ರ ನೋಡಿ ತೃಪ್ತಿ ಆಗುತ್ತಿಲ್ಲ. ದೂರದ ತಂತಿಬೇಲಿ, ಕಂಬದಿಂದ ಕಂಬಕ್ಕೆ ಎಳೆದ ವೈರು, ಮರದ ಎಲೆ, ಇವೆಲ್ಲ ಕ್ಯಾಮೆರಾ ಸ್ವಲ್ಪ ಅಲುಗಿದರೂ ಮಿಣಮಿಣ ಅನ್ನುತ್ತವೆ. ನಿಂತು ನೋಡಿದರೆ ಪರವಾಗಿಲ್ಲ, ನಡೆಯುವಾಗ ಕಣ್ಣಿಗೆ ಹಿಂಸೆ.

ಗೆಳೆಯನೊಬ್ಬ ಡ್ರೈವರ್‌ನಲ್ಲಿ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹೆಚ್ಚಿನ ರೆಸಲ್ಯೂಶನ್ ಆನ್ ಮಾಡಿಕೊಂಡು ಗೇಮ್ ಒಳಗೆ 3840×2160, ಅಂದರೆ 4ಕೆ, ಹಾಕು ಅಂದ. ನನಗೆ ಅರ್ಥ ಆಗದ್ದು ಇಷ್ಟು: ಪರದೆಯಲ್ಲಿ ಇರುವುದೇ ಸುಮಾರು 20.7 ಲಕ್ಷ ಪಿಕ್ಸೆಲ್. 83 ಲಕ್ಷ ಪಿಕ್ಸೆಲ್ ಲೆಕ್ಕ ಹಾಕಿ ಮತ್ತೆ 20.7 ಲಕ್ಷಕ್ಕೆ ಇಳಿಸಿದರೆ, ಆ ಹೆಚ್ಚಿನದ್ದೆಲ್ಲ ಬಿಸಾಕಿದ ಹಾಗೆ ಅಲ್ವಾ?

ರಾತ್ರಿಪಾಳಿ
ಬಿಸಾಕುವುದಿಲ್ಲ, ಸರಾಸರಿ ತೆಗೆಯುತ್ತದೆ. ಮಜಾ ಇರುವುದೇ ಅಲ್ಲಿ. ಹಾಕಿ ನೋಡಿ, ಬೇಲಿಯಲ್ಲಿ ತಕ್ಷಣ ವ್ಯತ್ಯಾಸ ಕಾಣುತ್ತದೆ.

ಫ್ರೇಮ್‌ಲೆಕ್ಕ
ನನ್ನ ಅಭಿಪ್ರಾಯ ಬೇರೆ. ನಾಲ್ಕು ಪಟ್ಟು ಕೆಲಸ, ಸಿಗುವುದು ಸ್ವಲ್ಪ ನುಣುಪಾದ ಅಂಚು. ಆ ಶಕ್ತಿಯನ್ನು ನೆರಳಿಗೆ, ಪ್ರತಿಫಲನಕ್ಕೆ ಹಾಕಿ. ಇಲ್ಲ ಅಂದರೆ ಫ್ರೇಮ್ ದರಕ್ಕೆ ಹಾಕಿ. 1080ಪಿ ಮಾನಿಟರ್ ಎಷ್ಟೇ ಮಾಡಿದರೂ 1080ಪಿ ಮಾನಿಟರ್ರೇ.

ಚೌಕಚುಕ್ಕಿ
ಮೆಟ್ಟಿಲುಗೆರೆ ಅವರ ಪ್ರಶ್ನೆ ಸರಿಯಾಗಿಯೇ ಇದೆ, ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮಾಮೂಲಿ ರೆಂಡರಿಂಗ್‌ನಲ್ಲಿ, ಅಂದರೆ 3ಡಿ ದೃಶ್ಯದಿಂದ ಚಿತ್ರ ಬಿಡಿಸುವಾಗ, ಕಾರ್ಡು ಪ್ರತಿ ಪಿಕ್ಸೆಲ್‌ನ ನಟ್ಟನಡುವೆ ಒಂದೇ ಒಂದು ಬಿಂದುವಿನಲ್ಲಿ ದೃಶ್ಯವನ್ನು ಕೇಳುತ್ತದೆ: ಇಲ್ಲಿ ಏನಿದೆ? ಬಂದ ಉತ್ತರದ ಬಣ್ಣವನ್ನೇ ಇಡೀ ಪಿಕ್ಸೆಲ್‌ಗೆ ಬಳಿಯುತ್ತದೆ. ಈಗ ನಿಮ್ಮ ದೂರದ ವೈರು ಪಿಕ್ಸೆಲ್‌ನ ಕಾಲು ಭಾಗದಷ್ಟು ತೆಳು ಅಂದುಕೊಳ್ಳಿ. ಅದು ಆ ನಡುಬಿಂದುವಿನ ಮೇಲೆ ಹಾದುಹೋದರೆ ಪಿಕ್ಸೆಲ್ ಪೂರ್ತಿ ಕಪ್ಪು. ಒಂದು ಕೂದಲೆಳೆ ಪಕ್ಕಕ್ಕೆ ಸರಿದರೆ ಪಿಕ್ಸೆಲ್ ಪೂರ್ತಿ ಆಕಾಶ. ನಡುವೆ ಯಾವ ಹಂತವೂ ಇಲ್ಲ. ಕ್ಯಾಮೆರಾ ಚಲಿಸುವಾಗ ಈ ಇದೆ–ಇಲ್ಲ ಅನ್ನುವುದು ಪ್ರತಿ ಫ್ರೇಮಿಗೂ ಬದಲಾಗುತ್ತದೆ. ನೀವು ನೋಡುತ್ತಿರುವ ಮಿಣುಕು ಅದೇ. ಅಲಿಯಾಸಿಂಗ್ ಅನ್ನುವುದು ಇದಕ್ಕೇ.

4ಕೆಯಲ್ಲಿ ರೆಂಡರ್ ಮಾಡಿದರೆ ನಿಮ್ಮ ಒಂದು ಮಾನಿಟರ್ ಪಿಕ್ಸೆಲ್ ಜಾಗದಲ್ಲಿ ನಾಲ್ಕು ಬಿಂದುಗಳಲ್ಲಿ ಕೇಳಿದ ಹಾಗಾಗುತ್ತದೆ. ವೈರು ಎರಡಕ್ಕೆ ಸಿಕ್ಕಿತು, ಎರಡಕ್ಕೆ ಸಿಗಲಿಲ್ಲ ಅಂದರೆ ನಡುವಣ ಬಣ್ಣ ಬರುತ್ತದೆ. ಚಲಿಸುವಾಗ ಕಪ್ಪಿನಿಂದ ಆಕಾಶಕ್ಕೆ ನೆಗೆಯುವುದಿಲ್ಲ, ಹಂತ ಹಂತವಾಗಿ ಹೋಗುತ್ತದೆ. ಪರದೆಯ ಪಿಕ್ಸೆಲ್ ಸಂಖ್ಯೆ ಅಷ್ಟೇ ಇದ್ದರೂ ಪ್ರತಿ ಪಿಕ್ಸೆಲ್ ಹೇಳುವ ಮಾತು ಹೆಚ್ಚು ನಿಜವಾಗುತ್ತದೆ. ಹೆಚ್ಚಿನ ವಿವರ ಎಲ್ಲಿ ಹೋಯಿತು ಅಂದರೆ, ಆ ಬಣ್ಣದ ಒಳಗೆ ಹೋಯಿತು.

ಇದಕ್ಕೆ ಸೂಪರ್‌ಸ್ಯಾಂಪ್ಲಿಂಗ್ ಅಂತ ಹೆಸರು. ಹೊಸದೇನೂ ಅಲ್ಲ. ಕಂಪ್ಯೂಟರ್ ಚಿತ್ರಗಳಲ್ಲಿನ ಅಲಿಯಾಸಿಂಗ್ ಬಗ್ಗೆ ಫ್ರಾಂಕ್ಲಿನ್ ಕ್ರೋ 1977ರಲ್ಲೇ ಪ್ರಬಂಧ ಬರೆದಿದ್ದಾರೆ.

ನಿಧಾನಿ
ಹಾಗಾದರೆ ಗೇಮ್ ಒಳಗೆ ಇರುವ ಎಂಎಸ್‌ಎಎ 4ಎಕ್ಸ್ (ಅಂಚು ನುಣುಪು ಮಾಡುವ ಆಯ್ಕೆ) ಕೂಡ ಇದನ್ನೇ ಮಾಡುತ್ತದಲ್ವಾ? ಅದನ್ನೇ ಹಾಕಿಕೊಂಡರೆ ಆಯಿತಲ್ಲ?

ಶೇಡರ್‌ಮನೆ
ಅರ್ಧ ಮಾತ್ರ ಮಾಡುತ್ತದೆ. ಎಂಎಸ್‌ಎಎಯಲ್ಲಿ ವಸ್ತುಗಳನ್ನು ಕಟ್ಟಿರುವ ತ್ರಿಕೋನ ಎಲ್ಲಿ ಮುಚ್ಚಿದೆ, ಆಳ ಎಷ್ಟು ಅನ್ನುವುದನ್ನು ನಾಲ್ಕು ಬಿಂದುಗಳಲ್ಲಿ ನೋಡುತ್ತಾರೆ. ಆದರೆ ಪಿಕ್ಸೆಲ್ ಶೇಡರ್, ಅಂದರೆ ಬಣ್ಣ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮ್, ಒಂದು ತ್ರಿಕೋನಕ್ಕೆ ಒಂದು ಪಿಕ್ಸೆಲ್‌ನಲ್ಲಿ ಒಂದೇ ಸಲ ಓಡುತ್ತದೆ. ಅದಕ್ಕೇ ಅಗ್ಗ. ಅದಕ್ಕೇ ಅದು ತ್ರಿಕೋನದ ಅಂಚನ್ನು ಮಾತ್ರ ಸರಿಮಾಡುತ್ತದೆ.

ಎಲೆ ಮತ್ತು ಬೇಲಿಯಲ್ಲಿ ತೊಂದರೆ ಏನು ಅಂದರೆ, ಗೇಮಿನಲ್ಲಿ ಅವು ಸಾಮಾನ್ಯವಾಗಿ ನಿಜವಾದ ಆಕಾರ ಅಲ್ಲ. ದೊಡ್ಡ ಚೌಕದ ಮೇಲೆ ಅಂಟಿಸಿದ ಚಿತ್ರ, ಎಲೆ ಇಲ್ಲದ ಕಡೆ ಆಲ್ಫಾ (ಪಾರದರ್ಶಕತೆಯ ಅಂಕಿ) ಪರೀಕ್ಷೆಯಿಂದ ಕತ್ತರಿಸಿರುತ್ತಾರೆ. ಆ ಕತ್ತರಿಸುವ ಕೆಲಸ ಶೇಡರ್ ಒಳಗೆ ನಡೆಯುತ್ತದೆ. ಶೇಡರ್ ಒಂದೇ ಸಲ ಓಡಿದ್ದರಿಂದ ನಾಲ್ಕೂ ಬಿಂದುವಿಗೆ ಒಂದೇ ತೀರ್ಪು. ಅಲ್ಲಿ ಎಂಎಸ್‌ಎಎ ಇದ್ದೂ ಇಲ್ಲದ ಹಾಗೆ. ಆಲ್ಫಾ ಅಂಕಿಗೆ ತಕ್ಕಂತೆ ನಾಲ್ಕರಲ್ಲಿ ಕೆಲವೇ ಬಿಂದು ತುಂಬುವ ಆಲ್ಫಾ ಟು ಕವರೇಜ್ ಅಂತ ಒಂದು ಉಪಾಯ ಇದೆ, ಆದರೆ ಅದನ್ನು ಗೇಮ್ ಮಾಡಿದವರೇ ಹಾಕಿರಬೇಕು.

ಇನ್ನೊಂದು, ಒದ್ದೆ ರಸ್ತೆ ಅಥವಾ ಲೋಹದ ಮೇಲೆ ಸಣ್ಣ ಸಣ್ಣ ಬಿಳಿ ಕಿಡಿಗಳು ಹಾರಿದ ಹಾಗೆ ಕಾಣುತ್ತವಲ್ಲ, ಅದು ಬೆಳಕಿನ ಲೆಕ್ಕದಲ್ಲೇ ಆಗುವ ಅಲಿಯಾಸಿಂಗ್. ಅದೂ ಎಂಎಸ್‌ಎಎ ಕೈಗೆ ಸಿಗುವುದಿಲ್ಲ. ಸೂಪರ್‌ಸ್ಯಾಂಪ್ಲಿಂಗ್‌ಗೆ ಸಿಗುತ್ತದೆ, ಯಾಕೆಂದರೆ ಅಲ್ಲಿ ಶೇಡರ್ ಕೂಡ ನಾಲ್ಕು ಸಲ ಓಡುತ್ತದೆ.

ಇದರ ಮೇಲೆ ಈಗಿನ ಬಹಳಷ್ಟು ಎಂಜಿನ್‌ಗಳು ಡಿಫರ್ಡ್ ಶೇಡಿಂಗ್ (ಮೊದಲು ಮೇಲ್ಮೈಯ ಮಾಹಿತಿ ಬರೆದಿಟ್ಟು ಬೆಳಕನ್ನು ಆಮೇಲೆ ಲೆಕ್ಕ ಹಾಕುವುದು) ಬಳಸುತ್ತವೆ. ಅಲ್ಲಿ ಎಂಎಸ್‌ಎಎ ಸೇರಿಸುವುದು ಮೆಮೊರಿಗೂ ಭಾರ, ಕೋಡಿಗೂ ತಲೆನೋವು. ಹೊಸ ಗೇಮುಗಳ ಮೆನುವಿನಲ್ಲಿ ಆ ಆಯ್ಕೆ ಕಾಣೆಯಾಗಿದ್ದಕ್ಕೆ ಇದು ದೊಡ್ಡ ಕಾರಣ.

ಹಳೇಕಾರ್ಡು
ಈ ವಿಷಯ ಬಂದರೆ ನನಗೆ 3ಡಿಎಫ್‌ಎಕ್ಸ್ ವೂಡೂ 5 5500 ನೆನಪಾಗುತ್ತದೆ. 2000ನೇ ಇಸವಿಯ ಕಾರ್ಡು. ವಿಎಸ್‌ಎ-100 ಚಿಪ್ ಎರಡು ಇದ್ದವು. ಅದರ 4ಎಕ್ಸ್ ಸೂಪರ್‌ಸ್ಯಾಂಪ್ಲಿಂಗ್ ಇವತ್ತಿನ ಡ್ರೈವರ್ 4ಎಕ್ಸ್‌ಗಿಂತ ಅಂಚಿನಲ್ಲಿ ಚೆನ್ನಾಗಿತ್ತು ಅಂದರೆ ನಂಬುತ್ತೀರಾ?

ಫ್ರೇಮ್‌ಲೆಕ್ಕ
ನಂಬುವುದು ಕಷ್ಟ. ನಾಲ್ಕು ಅಂದರೆ ನಾಲ್ಕೇ ಅಲ್ವಾ?

ಹಳೇಕಾರ್ಡು
ನಾಲ್ಕು ಬಿಂದು ಎಲ್ಲಿ ಇಟ್ಟಿದ್ದೀರಿ ಅನ್ನುವುದು ಮುಖ್ಯ. 1080ಪಿ ಪರದೆಗೆ 4ಕೆ ರೆಂಡರ್ ಮಾಡಿದರೆ ಬಿಂದುಗಳು ಎರಡು ಸಾಲು, ಎರಡು ಕಂಬದಲ್ಲಿ ನೇರವಾಗಿ ಕೂರುತ್ತವೆ. ಬಹುತೇಕ ಅಡ್ಡವಾಗಿರುವ ಒಂದು ಗೆರೆ ಮೇಲಿಂದ ಕೆಳಗೆ ಇಳಿಯುತ್ತಾ ಬಂದರೆ ಮೊದಲು ಮೇಲಿನ ಎರಡೂ ಬಿಂದು ಹೆಚ್ಚುಕಮ್ಮಿ ಒಟ್ಟಿಗೆ ಮುಚ್ಚುತ್ತವೆ, ಆಮೇಲೆ ಕೆಳಗಿನ ಎರಡು. ಸಿಗುವ ಛಾಯೆ ಮೂರೇ: ಸೊನ್ನೆ, ಅರ್ಧ, ಪೂರ್ತಿ.

ವೂಡೂ 5ರಲ್ಲಿ ಆ ಚೌಕವನ್ನು ಸ್ವಲ್ಪ ತಿರುಗಿಸಿ ಇಟ್ಟಿದ್ದರು. ನಾಲ್ಕು ಬಿಂದು ನಾಲ್ಕು ಬೇರೆ ಎತ್ತರದಲ್ಲಿ, ನಾಲ್ಕು ಬೇರೆ ಕಂಬದಲ್ಲಿ. ಅದೇ ಗೆರೆಗೆ ಐದು ಛಾಯೆ ಸಿಗುತ್ತವೆ. ಕಣ್ಣಿಗೆ ಅತಿ ಹೆಚ್ಚು ಚುಚ್ಚುವುದು ಬಹುತೇಕ ಅಡ್ಡ, ಬಹುತೇಕ ಲಂಬ ಗೆರೆಗಳೇ. ಅದಕ್ಕೇ ಆ ಕಾರ್ಡಿನ ಚಿತ್ರವನ್ನು ಜನ ಇವತ್ತಿಗೂ ಹೊಗಳುತ್ತಾರೆ. ಅದೇ ಕಾಲದ ಜೀಫೋರ್ಸ್ 2 ನೇರ ಸಾಲಿನಲ್ಲೇ ಮಾಡುತ್ತಿತ್ತು.

ಚೌಕಚುಕ್ಕಿ
ಹೌದು. ಇಂದಿನ ಎಂಎಸ್‌ಎಎ 4ಎಕ್ಸ್ ಕೂಡ ಬಿಂದುಗಳನ್ನು ಹಾಗೆ ತಿರುಗಿಸಿಯೇ ಇಡುತ್ತದೆ. ಹಾಗಾಗಿ ಕಟ್ಟಡದ ಅಂಚಿನಂಥ ಶುದ್ಧ ಜ್ಯಾಮಿತಿಯಲ್ಲಿ ಎಂಎಸ್‌ಎಎ 4ಎಕ್ಸ್, ಡ್ರೈವರ್ 4ಕೆಗಿಂತ ನುಣುಪಾಗಿ ಕಾಣಬಹುದು. ಎಲೆ, ಹೊಳಪು, ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸಿದ ಚಿತ್ರ) ಬಂದಾಗ 4ಕೆ ಗೆಲ್ಲುತ್ತದೆ. ಹಳೆಯ ಗೇಮ್ ಆಡುವವರಿಗೆ ಎರಡನ್ನೂ ಸೇರಿಸುವುದೇ ಒಳ್ಳೆಯದು: 4ಕೆ ಜೊತೆಗೆ ಎಂಎಸ್‌ಎಎ 2ಎಕ್ಸ್ ಅಥವಾ 4ಎಕ್ಸ್.

ಮೆಟ್ಟಿಲುಗೆರೆ
ತುಂಬಾ ಚೆನ್ನಾಗಿ ಅರ್ಥ ಆಯಿತು, ಧನ್ಯವಾದ. ಈಗ ಡ್ರೈವರ್ ಮೆನುವಿನಲ್ಲಿ 1.78, 2.25, 4.00 ಅಂತೆಲ್ಲ ಇದೆ. ಗೇಮ್ ಒಳಗೆ ಬೇರೆಯಾಗಿ ರೆಸಲ್ಯೂಶನ್ ಸ್ಕೇಲ್ ಅಂತ ಒಂದು ಸ್ಲೈಡರ್ 200% ತನಕ ಹೋಗುತ್ತದೆ. ಯಾವುದನ್ನು ಮುಟ್ಟಬೇಕು?

ರಾತ್ರಿಪಾಳಿ
ಗೇಮ್ ಒಳಗೆ ಸ್ಲೈಡರ್ ಇದ್ದರೆ ಅದೇ ಮೊದಲು. ಕಾರಣ ಏನೆಂದರೆ ಅದು 3ಡಿ ದೃಶ್ಯವನ್ನು ಮಾತ್ರ ದೊಡ್ಡದಾಗಿ ರೆಂಡರ್ ಮಾಡುತ್ತದೆ. ಮೆನು, ಅಕ್ಷರ, ನಕ್ಷೆ ಎಲ್ಲ ಮಾನಿಟರಿನ ಅಳತೆಯಲ್ಲೇ ಇರುತ್ತವೆ. ಡ್ರೈವರ್ ಮೂಲಕ ಮಾಡಿದರೆ ಗೇಮ್ ತಾನು ನಿಜವಾಗಿ 4ಕೆ ಪರದೆಯಲ್ಲಿದ್ದೇನೆ ಅಂದುಕೊಳ್ಳುತ್ತದೆ. ಅಕ್ಷರಗಳನ್ನೂ ಕುಗ್ಗಿಸಿ ಕೊಡುತ್ತಾರೆ. ಹಳೆಯ ಕೆಲವು ಗೇಮುಗಳಲ್ಲಿ ಓದಲಿಕ್ಕೇ ಆಗುವುದಿಲ್ಲ.

ಒಂದು ಎಚ್ಚರಿಕೆ. ಡ್ರೈವರ್‌ನ 4.00 ಅಂದರೆ ಒಟ್ಟು ಪಿಕ್ಸೆಲ್ ನಾಲ್ಕು ಪಟ್ಟು, ಅಂದರೆ ಅಗಲ ಎರಡು ಪಟ್ಟು, ಎತ್ತರ ಎರಡು ಪಟ್ಟು. 2.25 ಅಂದರೆ ಎರಡೂ ಕಡೆ 1.5. ಗೇಮಿನ 200% ಕೆಲವು ಕಡೆ ಎರಡೂ ಅಕ್ಷಕ್ಕೆ ಎರಡೆರಡು ಪಟ್ಟು, ಕೆಲವು ಕಡೆ ಒಟ್ಟು ಪಿಕ್ಸೆಲ್ ಎರಡು ಪಟ್ಟು. ಎರಡರ ನಡುವೆ ಹೊರೆ ಭಾರಿ ವ್ಯತ್ಯಾಸ. ಸ್ಲೈಡರ್ ಪಕ್ಕದಲ್ಲಿ ನಿಜವಾದ ರೆಸಲ್ಯೂಶನ್ ಬರೆದಿದ್ದರೆ ಅದನ್ನು ನೋಡಿಕೊಂಡೇ ಹೋಗಿ.

ಫ್ರೇಮ್‌ಲೆಕ್ಕ
ಮೊದಲು ಲೆಕ್ಕ ಹಾಕಿ, ಆಮೇಲೆ ಸ್ಲೈಡರ್ ಎಳೆಯಿರಿ. 60 ಫ್ರೇಮ್ ಬೇಕು ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ನಿಮ್ಮ ಬಳಕೆ ಶೇಕಡಾ 45 ಅಂದರೆ ಸುಮಾರು 7.5 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯುತ್ತಿದೆ. ನಾಲ್ಕು ಪಟ್ಟು ಮಾಡಿದರೆ 30 ಮಿಲಿಸೆಕೆಂಡ್, ಅಂದರೆ 33 ಫ್ರೇಮ್. 2.25 ಮಾಡಿದರೆ 16.9. ಅಂಚಿನಲ್ಲಿ ನಿಂತಿದ್ದೀರಿ. ಇದಕ್ಕೇ ನಾನು ಹೇಳಿದ್ದು, 4ಕೆ ನಿಮ್ಮ ಕಾರ್ಡಿಗೆ ಆಗುವ ಮಾತಲ್ಲ.

ಶೇಡರ್‌ಮನೆ
ಲೆಕ್ಕದ ದಾರಿ ಸರಿ. ಎರಡು ತಿದ್ದುಪಡಿ.

ಒಂದು, ಫ್ರೇಮಿನ ಎಲ್ಲ ಕೆಲಸವೂ ಪಿಕ್ಸೆಲ್ ಜೊತೆ ಬೆಳೆಯುವುದಿಲ್ಲ. ವರ್ಟೆಕ್ಸ್ (ತ್ರಿಕೋನದ ಮೂಲೆಗಳ) ಕೆಲಸ, ನೆರಳಿನ ನಕ್ಷೆ ಬರೆಯುವುದು, ಅನಿಮೇಶನ್, ಇವು ರೆಸಲ್ಯೂಶನ್ ಎಷ್ಟಿದ್ದರೂ ಅಷ್ಟೇ. ಹಾಗಾಗಿ ನಿಜವಾದ ಏರಿಕೆ ನಾಲ್ಕು ಪಟ್ಟಿಗಿಂತ ಕಡಿಮೆ ಇರುತ್ತದೆ.

ಎರಡು, ಶೇಕಡಾ 45 ಅನ್ನುವ ಅಂಕಿ ಮೋಸ ಮಾಡುತ್ತದೆ. ಕೆಲಸ ಕಡಿಮೆ ಇದ್ದಾಗ ಕಾರ್ಡು ತನ್ನ ಗಡಿಯಾರದ ವೇಗ ಇಳಿಸಿಕೊಂಡಿರುತ್ತದೆ. ಇಳಿದ ವೇಗದಲ್ಲಿ ಶೇಕಡಾ 45 ಅಂದರೆ ಪೂರ್ತಿ ವೇಗದಲ್ಲಿ ಇನ್ನೂ ಕಡಿಮೆ. ಫ್ರೇಮ್ ಲಾಕ್ ತೆಗೆದು, ವಿಸಿಂಕ್ (ಫ್ರೇಮನ್ನು ಪರದೆಯ ವೇಗಕ್ಕೆ ಹೊಂದಿಸುವ ಆಯ್ಕೆ) ತೆಗೆದು ನೋಡಿ. ಜಿಪಿಯು 99%ಗೆ ಹೋದಾಗ ಎಷ್ಟು ಫ್ರೇಮ್ ಬರುತ್ತದೆ ಅನ್ನುವುದೇ ನಿಜವಾದ ಅಳತೆ. ಆ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಕನಿಷ್ಠ ಎಷ್ಟು ಸಿಗಬಹುದು ಅನ್ನುವ ಅಂದಾಜು ಸಿಗುತ್ತದೆ. ಮೆಮೊರಿ ಸಾಲದಿದ್ದರೆ ಮಾತ್ರ ಅದಕ್ಕಿಂತ ಕೆಳಗೆ ಬೀಳುತ್ತದೆ.

ನಿಧಾನಿ
ಮೆಮೊರಿ ಎಷ್ಟು ಜಾಸ್ತಿ ಬೇಕು?

ಶೇಡರ್‌ಮನೆ
ಒಂದು 4ಕೆ ಬಫರ್ (ಮೆಮೊರಿಯಲ್ಲಿ ಇಟ್ಟ ಚಿತ್ರ), ಪಿಕ್ಸೆಲ್‌ಗೆ 4 ಬೈಟ್ ಅಂದರೆ ಸುಮಾರು 33 ಮೆಗಾಬೈಟ್. ಪ್ರತಿ ಬಣ್ಣಕ್ಕೆ 16 ಬಿಟ್ ಫ್ಲೋಟ್ ಆದರೆ, ಅಂದರೆ ಪಿಕ್ಸೆಲ್‌ಗೆ 8 ಬೈಟ್, 66. ಒಂದೇ ಬಫರ್ ಇದ್ದಿದ್ದರೆ ಚಿಂತೆ ಇರಲಿಲ್ಲ. ಡಿಫರ್ಡ್ ಎಂಜಿನ್‌ನಲ್ಲಿ ಬಣ್ಣ, ನಾರ್ಮಲ್ (ಮೇಲ್ಮೈಯ ದಿಕ್ಕು), ಒರಟುತನ, ಆಳ, ಚಲನೆಯ ವೆಕ್ಟರ್, ಹಿಂದಿನ ಫ್ರೇಮಿನ ನೆನಪು ಅಂತ ಹತ್ತಾರು ಇರುತ್ತವೆ. ಎಲ್ಲವೂ ನಾಲ್ಕು ಪಟ್ಟು ಆಗುತ್ತವೆ. ಟೆಕ್ಸ್ಚರ್‌ಗಳಿಗೆ ಮಾತ್ರ ಅಷ್ಟು ವ್ಯತ್ಯಾಸ ಇಲ್ಲ.

ಮಿಪ್‌ಮೇಷ್ಟ್ರು
ಟೆಕ್ಸ್ಚರ್ ಅಂದಿರಲ್ಲ, ಯಾರೂ ಹೇಳದ ಒಂದು ಲಾಭ ಅಲ್ಲಿದೆ. ಪ್ರತಿ ಟೆಕ್ಸ್ಚರ್‌ಗೂ ಅರ್ಧ, ಕಾಲು, ಅರೆಕಾಲು ಅಳತೆಯ ನಕಲುಗಳು ಇರುತ್ತವೆ, ಮಿಪ್‌ಮ್ಯಾಪ್ ಅಂತಾರೆ. ಪಕ್ಕಪಕ್ಕದ ಪಿಕ್ಸೆಲ್‌ಗಳ ನಡುವೆ ಟೆಕ್ಸ್ಚರ್ ಎಷ್ಟು ಸರಿಯುತ್ತದೆ ಅನ್ನುವುದನ್ನು ನೋಡಿ ಕಾರ್ಡು ನಕಲನ್ನು ಆರಿಸುತ್ತದೆ. ಎರಡೂ ಕಡೆ ರೆಸಲ್ಯೂಶನ್ ಎರಡು ಪಟ್ಟಾದರೆ ಆ ಸರಿಯುವ ಪ್ರಮಾಣ ಅರ್ಧ ಆಗುತ್ತದೆ. ಆಗ ಸರಿಯಾಗಿ ಒಂದು ಮಟ್ಟ ಹೆಚ್ಚು ವಿವರದ ನಕಲು ತಾನಾಗಿ ಬರುತ್ತದೆ. ಇಳಿಸಿದ ಮೇಲೂ ನೆಲದ ಕಲ್ಲು, ಗೋಡೆಯ ಇಟ್ಟಿಗೆ ಚೂಪಾಗಿ ಕಾಣುವುದು ಇದರಿಂದ. ಅಂಚು ಮಾತ್ರ ನುಣುಪಾಗುತ್ತದೆ ಅನ್ನುವ ಮಾತು ಅರ್ಧ ಸತ್ಯ. ಒಳಗಿನ ಮೇಲ್ಮೈ ಹೆಚ್ಚು ಸ್ಪಷ್ಟವೂ ಆಗುತ್ತದೆ.

ಇದರ ತಿರುವು ಮುರುವು ಅಪ್‌ಸ್ಕೇಲಿಂಗ್‌ನಲ್ಲಿ ನಡೆಯುತ್ತದೆ. ಕಡಿಮೆ ರೆಸಲ್ಯೂಶನ್‌ನಲ್ಲಿ ರೆಂಡರ್ ಮಾಡಿ ದೊಡ್ಡದು ಮಾಡುವಾಗ ಮಂಕಾದ ನಕಲು ಬರುತ್ತದೆ. ಅದನ್ನು ಸರಿಮಾಡಲು ಗೇಮ್ ಮಾಡುವವರು ಋಣ ಮಿಪ್ ಬಯಾಸ್ (ಹೆಚ್ಚು ವಿವರದ ನಕಲಿನ ಕಡೆಗೆ ತಳ್ಳುವ ಅಂಕಿ) ಹಾಕಬೇಕು. ಮರೆತರೆ ಎಲ್ಲ ಮಸುಕು.

ಫ್ರೇಮ್‌ಲೆಕ್ಕ
ಅಷ್ಟಕ್ಕೆ ನಾಲ್ಕು ಪಟ್ಟು ಕೆಲಸ ಬೇಕಾ? ಡ್ರೈವರ್‌ನಲ್ಲಿ ಅನೈಸೊಟ್ರಾಪಿಕ್ ಫಿಲ್ಟರಿಂಗ್ 16ಎಕ್ಸ್ ಹಾಕಿದರೆ ನೆಲ ಚೂಪಾಗುತ್ತದೆ, ಖರ್ಚು ಹತ್ತಿರ ಹತ್ತಿರ ಏನೂ ಇಲ್ಲ.

ಮಿಪ್‌ಮೇಷ್ಟ್ರು
16ಎಕ್ಸ್ ಎಲ್ಲರೂ ಹಾಕಲೇಬೇಕು, ಅದರಲ್ಲಿ ವಾದವೇ ಇಲ್ಲ. ಅದು ಓರೆಯಾಗಿ ಕಾಣುವ ಮೇಲ್ಮೈಗೆ ಒಳ್ಳೆಯದು. ಎದುರಿಗೇ ಇರುವ ಗೋಡೆಗೆ ಅದರಿಂದ ಏನೂ ಬದಲಾಗುವುದಿಲ್ಲ. ಎರಡೂ ಬೇರೆ ಬೇರೆ ಕೆಲಸ.

ತ್ರಿಕೋನ
ಸ್ವಲ್ಪ ಪಕ್ಕದ ವಿಷಯ. ಹಳೆ ಕನ್ಸೋಲ್ ಗೇಮುಗಳನ್ನು ಪಿಸಿಯಲ್ಲಿ ಓಡಿಸುವ ಎಮ್ಯುಲೇಟರ್ ಬಳಸುವವರಿಗೆ ಇದು ವರ. ಡಾಲ್ಫಿನ್ ಅನ್ನುವ ಎಮ್ಯುಲೇಟರ್‌ನಲ್ಲಿ ಮೂಲ ರೆಸಲ್ಯೂಶನ್ 640×528. ಅಲ್ಲಿಂದ ನಾಲ್ಕು ಪಟ್ಟು, ಆರು ಪಟ್ಟು ಅಂತ ಏರಿಸಿದರೆ ಆ ಕಾಲದ ಮಾಡೆಲ್‌ಗಳು ಇಷ್ಟು ಚೆನ್ನಾಗಿದ್ದವಾ ಅಂತ ಆಶ್ಚರ್ಯ ಆಗುತ್ತದೆ. ಟೆಕ್ಸ್ಚರ್ ಮಾತ್ರ ಹಾಗೇ ಮಸುಕಾಗಿ ಉಳಿಯುತ್ತದೆ, ಇದ್ದ ವಿವರವೇ ಅಷ್ಟು. ಮಾನಿಟರಿನ ಮಟ್ಟ ದಾಟಿ ಏರಿಸಿದರೂ ಲಾಭ ಇದೆ, ಹಳೆಯ ಗೇಮುಗಳಲ್ಲಿ ಬೇರೆ ಆಂಟಿ-ಅಲಿಯಾಸಿಂಗ್ ಏನೂ ಇರುವುದಿಲ್ಲವಲ್ಲ.

ಕನ್ನಡಿಕಣ್ಣು
ಮತ್ತೆ ವಿಷಯಕ್ಕೆ. 2.25 ಬಗ್ಗೆ ಒಂದು ಮಾತು. 4.00ರಲ್ಲಿ ಮಾನಿಟರಿನ ಒಂದು ಪಿಕ್ಸೆಲ್‌ಗೆ ಸರಿಯಾಗಿ 2×2 ಪಿಕ್ಸೆಲ್ ಬರುತ್ತದೆ, ಸರಾಸರಿ ಸುಲಭ. 2.25ರಲ್ಲಿ ಒಂದೂವರೆ ಪಿಕ್ಸೆಲ್. ಅರ್ಧ ಪಿಕ್ಸೆಲ್ ಯಾರಿಗೆ ಸೇರಬೇಕು? ಅಲ್ಲಿ ಫಿಲ್ಟರ್ ಬೇಕೇ ಬೇಕು. ಎನ್ವಿಡಿಯಾ 2014ರ ಸೆಪ್ಟೆಂಬರ್‌ನಲ್ಲಿ ಜಿಟಿಎಕ್ಸ್ 980 ಜೊತೆ ಡಿಎಸ್‌ಆರ್ (ಡ್ರೈವರ್‌ನ ಈ ಸೌಲಭ್ಯ) ತಂದಾಗ 13 ಟ್ಯಾಪ್ (13 ಕಡೆ ಓದಿ ಬೆರೆಸುವ) ಗಾಸಿಯನ್ ಫಿಲ್ಟರ್ ಇಟ್ಟಿದ್ದು ಇದಕ್ಕೇ. ಆ ಸ್ಮೂತ್‌ನೆಸ್ ಸ್ಲೈಡರ್ 33% ಅಂತ ಇರುತ್ತದಲ್ಲ, ಅದೇ. 4.00ಕ್ಕೆ ಅದನ್ನು ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಸುಮ್ನೆ ಮಸುಕಾಗುತ್ತದೆ. 2.25ಕ್ಕೆ ಸೊನ್ನೆ ಮಾಡಿದರೆ ಅಕ್ಷರಗಳ ದಪ್ಪ ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ.

ಎಎಂಡಿಯವರು ಅದೇ ವರ್ಷ ಡಿಸೆಂಬರ್‌ನಲ್ಲಿ ಅಂಥದ್ದೇ ವಿಎಸ್‌ಆರ್ ತಂದರು. ಅಲ್ಲಿ ಇಂಥ ಸ್ಲೈಡರ್ ಇಲ್ಲ.

ರಾತ್ರಿಪಾಳಿ
2022ರ ಜನವರಿಯಲ್ಲಿ ಬಂದ ಎನ್ವಿಡಿಯಾದ ಡಿಎಲ್‌ಡಿಎಸ್‌ಆರ್ ಬೇರೆ. ಅದಕ್ಕೆ ಆರ್‌ಟಿಎಕ್ಸ್ ಕಾರ್ಡು ಬೇಕು. 1.78 ಮತ್ತು 2.25 ಎರಡೇ ಮಟ್ಟ. ಇಳಿಸುವ ಕೆಲಸವನ್ನು ಕಲಿತ ನ್ಯೂರಲ್ ನೆಟ್‌ವರ್ಕ್ (ಎಐ) ಮಾಡುತ್ತದೆ. ಇಲ್ಲಿ ಸ್ಮೂತ್‌ನೆಸ್ ಸ್ಲೈಡರ್ ಬೇರೆ ಥರ ವರ್ತಿಸುತ್ತದೆ: ಕಡಿಮೆ ಮಾಡಿದಷ್ಟೂ ಚೂಪು ಜಾಸ್ತಿ, ಅಂಚಿನ ಸುತ್ತ ಬಿಳಿ ಗೆರೆ ಬರುವಷ್ಟು. 100%ರ ಹತ್ತಿರ ಇಟ್ಟುಕೊಂಡರೆ ನನ್ನ ಕಣ್ಣಿಗೆ ಹಿತ.

ಫ್ರೇಮ್‌ಲೆಕ್ಕ
ನೆಟ್‌ವರ್ಕ್ ಬಂತು ಅಂದಮೇಲೆ ಕೇಳುತ್ತೇನೆ. ಟಿಎಎ, ಅದನ್ನೇ ನೆಟ್‌ವರ್ಕ್‌ನಿಂದ ಮಾಡುವ ಡಿಎಲ್‌ಎಎ ಇರುವಾಗ ಈ ಬಲಪ್ರಯೋಗ ಯಾಕೆ? ಟಿಎಎ ಮಾಡುವುದೂ ಸೂಪರ್‌ಸ್ಯಾಂಪ್ಲಿಂಗೇ. ಪ್ರತಿ ಫ್ರೇಮಿನಲ್ಲಿ ಕ್ಯಾಮೆರಾವನ್ನು ಪಿಕ್ಸೆಲ್‌ಗಿಂತ ಕಡಿಮೆ ಅಲುಗಿಸಿ ಬೇರೆ ಬೇರೆ ಬಿಂದುವಿನಲ್ಲಿ ಕೇಳುತ್ತದೆ, ಹಳೆಯ ಫ್ರೇಮುಗಳ ಉತ್ತರ ಸೇರಿಸಿಕೊಳ್ಳುತ್ತದೆ. ಎಂಟು ಫ್ರೇಮಿನಲ್ಲಿ ಎಂಟು ಬಿಂದು, ಒಂದೇ ಫ್ರೇಮಿನ ಖರ್ಚಿನಲ್ಲಿ. ನಾಲ್ಕು ಪಟ್ಟು ಖರ್ಚು ಮಾಡಿ ನಾಲ್ಕು ಬಿಂದು ತೆಗೆದುಕೊಳ್ಳುವವರು ಯಾಕೆ ಇದನ್ನು ನೋಡುವುದಿಲ್ಲ?

ಹಳೇಕಾರ್ಡು
ಯಾಕೆಂದರೆ ಆ ಎಂಟು ಬಿಂದು ಪೂರ್ತಿ ಸಿಗುವುದು ಕ್ಯಾಮೆರಾ ನಿಂತಿದ್ದಾಗ ಮಾತ್ರ. ಓಡುವಾಗ ಹಳೆಯ ಫ್ರೇಮಿನ ಉತ್ತರ ಎಷ್ಟೋ ಕಡೆ ಈಗಿನದಕ್ಕೆ ಹೊಂದುವುದಿಲ್ಲ. ಹೊಂದದ್ದನ್ನು ಬಿಸಾಕಿದರೆ ಮಿಣುಕು, ಬಿಸಾಕದಿದ್ದರೆ ಹಿಂದೆ ನೆರಳಿನಂಥ ಬಾಲ. ಚಲಿಸುವಾಗ ಚಿತ್ರ ಎಣ್ಣೆ ಸವರಿದ ಗಾಜಿನಲ್ಲಿ ನೋಡಿದ ಹಾಗೆ. ಮೆಟ್ಟಿಲುಗೆರೆ ಅವರ ದೂರು ಏನು? ನಿಂತಾಗ ಚೆನ್ನ, ನಡೆಯುವಾಗ ಹಿಂಸೆ. ನಿಜವಾದ ಸೂಪರ್‌ಸ್ಯಾಂಪ್ಲಿಂಗ್‌ಗೆ ಹಿಂದಿನ ಫ್ರೇಮಿನ ಹಂಗಿಲ್ಲ. ಮೊದಲ ಫ್ರೇಮಿನಲ್ಲೇ ಪೂರ್ತಿ ಗುಣ ಸಿಗುತ್ತದೆ.

ಶೇಡರ್‌ಮನೆ
ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಇದನ್ನು ಎರಡರಲ್ಲಿ ಒಂದು ಅಂತ ನೋಡುವುದು ಬೇಡ. ಟಿಎಎ ಇರುವ ಗೇಮಿನಲ್ಲಿ ರೆಸಲ್ಯೂಶನ್ ಏರಿಸಿದರೆ ಟಿಎಎಯ ಮಸುಕು ಕೂಡ ಚಿಕ್ಕದಾಗುತ್ತದೆ. ಅದು ಒಂದೆರಡು ಪಿಕ್ಸೆಲ್ ಅಗಲದಲ್ಲಿ ಮಸುಕು ಮಾಡುತ್ತದೆ ಅಂದುಕೊಳ್ಳಿ. 4ಕೆಯಲ್ಲಿ ಆ ಎರಡು ಪಿಕ್ಸೆಲ್ ನಿಮ್ಮ ಪರದೆಯಲ್ಲಿ ಒಂದೇ. 1080ಪಿಯಲ್ಲಿ ಟಿಎಎ ಬೈಸಿಕೊಳ್ಳುವುದೂ 4ಕೆಯಲ್ಲಿ ಹೊಗಳಿಸಿಕೊಳ್ಳುವುದೂ ಇದಕ್ಕೇ.

ಮಧ್ಯದ ದಾರಿ ಒಂದಿದೆ. ಡಿಎಲ್‌ಡಿಎಸ್‌ಆರ್ 2.25 ಹಾಕಿದರೆ ನಿಮ್ಮ 1080ಪಿ ಮಾನಿಟರಿಗೆ ಗುರಿ 2880×1620. ಅದರ ಮೇಲೆ ಗೇಮಿನಲ್ಲಿ ಡಿಎಲ್‌ಎಸ್‌ಎಸ್ (ನೆಟ್‌ವರ್ಕ್ ಬಳಸುವ ಅಪ್‌ಸ್ಕೇಲಿಂಗ್) ಕ್ವಾಲಿಟಿ ಹಾಕಿ. ಅದು ಎರಡೂ ಕಡೆ ಮೂರನೇ ಎರಡು ಭಾಗದಲ್ಲಿ ರೆಂಡರ್ ಮಾಡುತ್ತದೆ. 2880ರ ಮೂರನೇ ಎರಡು ಭಾಗ 1920, 1620ರದ್ದು 1080. ಅಂದರೆ ಒಳಗೆ ರೆಂಡರ್ ಆಗುತ್ತಿರುವುದು ನಿಮ್ಮ ಮಾನಿಟರಿನ ರೆಸಲ್ಯೂಶನ್ನೇ! ಆದರೆ ಅಲುಗಿಸಿ ಕೂಡಿಸಿದ ಬಿಂದುಗಳನ್ನು ದೊಡ್ಡ ಬಫರಿನಲ್ಲಿ ಇಟ್ಟುಕೊಂಡು ಆಮೇಲೆ ಇಳಿಸುತ್ತಾರೆ. ಮಾಮೂಲಿ 1080ಪಿ ಟಿಎಎಗಿಂತ ಎಷ್ಟೋ ಸ್ಪಷ್ಟ. ಪೂರ್ತಿ ಪುಕ್ಕಟೆ ಅಲ್ಲ. ಬ್ಲೂಮ್ (ಬೆಳಕಿನ ಸುತ್ತಲ ಪ್ರಭೆ), ಮೋಶನ್ ಬ್ಲರ್‌ನಂಥ, ಕೊನೆಯಲ್ಲಿ ಸೇರಿಸುವ ಪೋಸ್ಟ್ ಎಫೆಕ್ಟ್‌ಗಳು 1620ರಲ್ಲಿ ಓಡುತ್ತವೆ, ಡಿಎಲ್‌ಎಸ್‌ಎಸ್‌ನದೇ ಖರ್ಚೂ ಇದೆ. ಆದರೂ 4ಕೆಗಿಂತ ತುಂಬಾ ಹಗುರ.

ಮೆಟ್ಟಿಲುಗೆರೆ
ಈ ಲೆಕ್ಕ ಅದ್ಭುತ. ನನ್ನದು ಆರ್‌ಟಿಎಕ್ಸ್ ಕಾರ್ಡೇ. ಆದರೆ ಗೇಮ್ ಬಾರ್ಡರ್‌ಲೆಸ್ ಕಿಟಕಿಯಲ್ಲಿ ಓಡುತ್ತದೆ, ಪಟ್ಟಿಯಲ್ಲಿ 2880×1620 ಕಾಣುತ್ತಲೇ ಇಲ್ಲ.

ರಾತ್ರಿಪಾಳಿ
ಬಾರ್ಡರ್‌ಲೆಸ್‌ನಲ್ಲಿ ಗೇಮ್ ಸಾಮಾನ್ಯವಾಗಿ ಡೆಸ್ಕ್‌ಟಾಪ್ ರೆಸಲ್ಯೂಶನ್ನೇ ಹಿಡಿಯುತ್ತದೆ. ಎಕ್ಸ್‌ಕ್ಲೂಸಿವ್ ಫುಲ್‌ಸ್ಕ್ರೀನ್ ಇದ್ದರೆ ಅದಕ್ಕೆ ಬದಲಾಯಿಸಿ. ಇಲ್ಲದಿದ್ದರೆ ಗೇಮ್ ತೆರೆಯುವ ಮೊದಲು ಡೆಸ್ಕ್‌ಟಾಪನ್ನೇ 2880×1620 ಮಾಡಿ. ಆಟ ಮುಗಿದ ಮೇಲೆ ಮರೆಯದೆ ವಾಪಸ್ ಇಳಿಸಿ. ಡೆಸ್ಕ್‌ಟಾಪ್ ಅಕ್ಷರಗಳು ಹಾಗೆ ಮಸುಕಾಗೇ ಕಾಣುತ್ತವೆ. ಪರದೆಯ ಕೆಂಪು, ಹಸಿರು, ನೀಲಿ ಉಪಪಿಕ್ಸೆಲ್‌ಗಳಿಗೆ ಹೊಂದಿಸಿ ಬರೆದ ಅಕ್ಷರವನ್ನು ಮತ್ತೆ ಕುಗ್ಗಿಸಿದರೆ ಆ ಹೊಂದಾಣಿಕೆ ಪೂರ್ತಿ ಕೆಡುತ್ತದೆ.

ನಿಧಾನಿ
ಮ್ಯಾಕ್‌ನಲ್ಲಿ ಇದನ್ನೇ ದಿನಾ ಮಾಡುತ್ತಾರಲ್ಲ? 4ಕೆ ಪರದೆಯಲ್ಲಿ 2560×1440 ಥರ ಕಾಣಬೇಕು ಅಂತ ಆರಿಸಿದರೆ ಒಳಗೆ 5120×2880 ಬರೆದು ಇಳಿಸುತ್ತದೆ ಅಂತ ಓದಿದ್ದೆ. ಅಲ್ಲಿ ಅಕ್ಷರ ಚೆನ್ನಾಗೇ ಇರುತ್ತದೆ.

ಕನ್ನಡಿಕಣ್ಣು
ಹೌದು, ಆದರೆ ಆ ಪರದೆಯ ಪಿಕ್ಸೆಲ್‌ಗಳು ಸಣ್ಣವು. ಇಳಿಸುವಾಗ ಆಗುವ ಮಸುಕು ಕಣ್ಣಿಗೆ ಸಿಗುವ ಮಟ್ಟಕ್ಕಿಂತ ಕೆಳಗೆ ಇರುತ್ತದೆ. ಮ್ಯಾಕ್‌ಒಎಸ್ 2018ರಿಂದ ಉಪಪಿಕ್ಸೆಲ್ ಅಕ್ಷರವನ್ನು ಮೂಲದಲ್ಲೇ ಕೈಬಿಟ್ಟಿದೆ ಕೂಡ. 24 ಇಂಚಿನ 1080ಪಿಯಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್. ಅಲ್ಲಿ ಎಲ್ಲವೂ ಕಾಣುತ್ತದೆ.

ಬೆಳಕಿನಕೋಲು
ಸಿನಿಮಾ ಕಡೆಯಿಂದ ಒಂದು ಮಾತು. ಆಫ್‌ಲೈನ್ ರೆಂಡರಿಂಗ್‌ನಲ್ಲಿ, ಅಂದರೆ ಚಿತ್ರಗಳನ್ನು ಮೊದಲೇ ನಿಧಾನವಾಗಿ ಬರೆದಿಡುವಾಗ, ಒಂದು ಪಿಕ್ಸೆಲ್‌ಗೆ ಒಂದೇ ಬಿಂದು ಅನ್ನುವುದನ್ನು ಯಾರೂ ಊಹಿಸುವುದೂ ಇಲ್ಲ. ಲ್ಯೂಕಾಸ್‌ಫಿಲ್ಮ್, ಪಿಕ್ಸಾರ್‌ನಲ್ಲಿ ಬೆಳೆದ ರೇಯ್ಸ್ ಪದ್ಧತಿಯ ಬಗ್ಗೆ ಕುಕ್, ಕಾರ್ಪೆಂಟರ್, ಕ್ಯಾಟ್ಮಲ್ 1987ರಲ್ಲಿ ಬರೆದ ಪ್ರಬಂಧದಲ್ಲೇ ಬಿಂದುಗಳನ್ನು ಅಲುಗಿಸಿ ಚೆಲ್ಲುವ ವಿಧಾನ ಇದೆ. ನೇರ ಸಾಲಿನಲ್ಲಿ ಇಟ್ಟರೆ ತಪ್ಪು ಒಂದು ಮಾದರಿಯಾಗಿ ಕಾಣುತ್ತದೆ, ಮೊಯರ್ ಅಲೆಗಳ ಥರ. ಚೆಲ್ಲಿದರೆ ತಪ್ಪು ಗರಗರ ನಾಯ್ಸ್ ಆಗುತ್ತದೆ. ಕಣ್ಣು ನಾಯ್ಸನ್ನು ಸಹಿಸುತ್ತದೆ, ಮಾದರಿಯನ್ನು ಸಹಿಸುವುದಿಲ್ಲ. ಬೆಳಕಿನ ದಾರಿ ಹಿಂಬಾಲಿಸಿ ಚಿತ್ರ ಬರೆಯುವ ಈಗಿನ ಪಾತ್ ಟ್ರೇಸರ್‌ಗಳಲ್ಲಿ ಪಿಕ್ಸೆಲ್‌ಗೆ ನೂರಾರು ಬಿಂದು ಮಾಮೂಲು.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ: ಸರಾಸರಿ ಯಾವ ಅಂಕಿಗಳ ಮೇಲೆ? ಕಪ್ಪು 0, ಬಿಳಿ 255 ಅಂದರೆ ಸರಾಸರಿ 127 ಅಂತ ಮಾಡಿದರೆ ತಪ್ಪು. ಆ ಅಂಕಿಗಳು ಬೆಳಕಿನ ಪ್ರಮಾಣ ಅಲ್ಲ, ಎಸ್‌ಆರ್‌ಜಿಬಿ (ಪರದೆಗಳ ಬಣ್ಣದ ಮಾನದಂಡ) ವಕ್ರರೇಖೆಯಲ್ಲಿ ಬಗ್ಗಿಸಿದ ಅಂಕಿಗಳು. ಬೆಳಕಿಗೆ ತಿರುಗಿಸಿ, ಸರಾಸರಿ ತೆಗೆದು, ಮತ್ತೆ ಬಗ್ಗಿಸಿದರೆ 188 ಬರುತ್ತದೆ. 127ಕ್ಕೆ ಇಳಿಸಿದ ಚಿತ್ರದಲ್ಲಿ ಆಕಾಶದ ಮುಂದಿನ ತಂತಿ ಇರಬೇಕಾದ್ದಕ್ಕಿಂತ ದಪ್ಪ, ಕಪ್ಪು ಕಾಣುತ್ತದೆ.

ಶೇಡರ್‌ಮನೆ
ಒಳ್ಳೆ ಮಾತು. ಇದಕ್ಕೆ ಎದುರಾದ ತೊಂದರೆಯೂ ಒಂದಿದೆ. ಎಚ್‌ಡಿಆರ್ (ಪರದೆಯ ಮಿತಿ ಮೀರಿದ ಬೆಳಕಿನ) ಅಂಕಿಗಳಲ್ಲಿ, ಟೋನ್‌ಮ್ಯಾಪ್ ಮಾಡುವ, ಅಂದರೆ ಆ ಮಿತಿಗೆ ಇಳಿಸುವ, ಮುಂಚೆ ಸರಾಸರಿ ತೆಗೆದರೆ ಒಂದೇ ಒಂದು ಸೂರ್ಯನಷ್ಟು ಪ್ರಖರ ಬಿಂದು ಉಳಿದ ಮೂರನ್ನೂ ನುಂಗುತ್ತದೆ. ಅಂಚು ಮತ್ತೆ ಮೆಟ್ಟಿಲು ಮೆಟ್ಟಿಲು. ಡ್ರೈವರ್ ಮಟ್ಟದ ವಿಧಾನದಲ್ಲಿ ಟೋನ್‌ಮ್ಯಾಪ್ ಮುಗಿದ ಮೇಲೆ ಇಳಿಸುವುದರಿಂದ ಇದು ಬರುವುದಿಲ್ಲ. ಗೇಮ್ ಒಳಗಿನ ಸ್ಲೈಡರ್ ಎಲ್ಲಿ ಇಳಿಸುತ್ತದೆ ಅನ್ನುವುದು ಎಂಜಿನ್‌ಗೆ ಬಿಟ್ಟದ್ದು.

ತ್ರಿಕೋನ
ತಲೆಗೆ ಹಾಕಿಕೊಳ್ಳುವ ವಿಆರ್ ಸಾಧನಗಳಲ್ಲಿ ಇದು ಐಚ್ಛಿಕವೇ ಅಲ್ಲ. ಮೊದಲ ಎಚ್‌ಟಿಸಿ ವೈವ್‌ನಲ್ಲಿ ಒಂದು ಕಣ್ಣಿಗೆ 1080×1200 ಪಿಕ್ಸೆಲ್. ರೆಂಡರ್ ಮಾಡುತ್ತಿದ್ದದ್ದು 1512×1680, ಎರಡೂ ಕಡೆ 1.4 ಪಟ್ಟು. ಲೆನ್ಸಿನ ವಕ್ರತೆಯನ್ನು ಸರಿದೂಗಿಸಲು ಚಿತ್ರವನ್ನು ಬಗ್ಗಿಸಿದಾಗ ನಡುಭಾಗ ಹಿಗ್ಗುತ್ತದೆ. ಅಲ್ಲಿ ಪಿಕ್ಸೆಲ್ ಕೊರತೆ ಆಗಬಾರದು ಅಂತ ಮೊದಲೇ ಜಾಸ್ತಿ ರೆಂಡರ್ ಮಾಡುತ್ತಾರೆ.

ಫ್ರೇಮ್‌ಲೆಕ್ಕ
ವಿಆರ್ ಒಪ್ಪುತ್ತೇನೆ, ಅಲ್ಲಿ ಕಾರಣ ಗಟ್ಟಿ ಇದೆ. ಮಾಮೂಲಿ ಪರದೆಯಲ್ಲಿ ನನ್ನ ಚಿಂತೆ ಇನ್ನೊಂದೂ ಇದೆ, ಇನ್‌ಪುಟ್ ತಡ. ಜಿಪಿಯು 99%ಗೆ ಹೋದ ತಕ್ಷಣ ಫ್ರೇಮುಗಳು ಸರತಿಯಲ್ಲಿ ನಿಲ್ಲುತ್ತವೆ, ಮೌಸ್ ಭಾರ ಅನಿಸುತ್ತದೆ. ಶೂಟರ್ ಆಡುವವರು ದಯವಿಟ್ಟು ಮುಟ್ಟಬೇಡಿ.

ಹಳೇಕಾರ್ಡು
ಅದನ್ನು ಒಪ್ಪುತ್ತೇನೆ. ಫ್ರೇಮ್ ಲಾಕ್ ಹಾಕಿ, ಜಿಪಿಯು ಬಳಕೆ ಶೇಕಡಾ 90ರ ಒಳಗೆ ಉಳಿಯುವಷ್ಟೇ ಏರಿಸಿಕೊಂಡರೆ ಆ ತಡ ಬರುವುದಿಲ್ಲ. ನಿಧಾನ ಆಟ, ದೃಶ್ಯ ನೋಡುತ್ತಾ ನಡೆಯುವ ಆಟಕ್ಕೆ ಇದು ಹೇಳಿ ಮಾಡಿಸಿದ್ದು.

ಮೆಟ್ಟಿಲುಗೆರೆ
ಮೂರೂ ನೋಡಿದೆ. ಲಾಕ್ ತೆಗೆದರೆ ಮಾಮೂಲಿ 1080ಪಿಯಲ್ಲಿ 150ರ ಹತ್ತಿರ ಫ್ರೇಮ್ ಬರುತ್ತದೆ. ಪೂರ್ತಿ 4ಕೆಯಲ್ಲಿ 45ರ ಸುತ್ತ, ಶೇಡರ್‌ಮನೆ ಅವರು ಹೇಳಿದ ಹಾಗೆ ನಾಲ್ಕನೇ ಒಂದು ಭಾಗಕ್ಕಿಂತ ಮೇಲೆ. ಡಿಎಲ್‌ಡಿಎಸ್‌ಆರ್ ಜೊತೆ ಡಿಎಲ್‌ಎಸ್‌ಎಸ್ ಕ್ವಾಲಿಟಿಯಲ್ಲಿ 60 ಕದಲುವುದೇ ಇಲ್ಲ. ಬೇಲಿ ಈಗ ಬೇಲಿಯಾಗೇ ಕಾಣುತ್ತದೆ, ಎಲೆಗಳ ಮಿಣುಕು ಬಹುಪಾಲು ಹೋಗಿದೆ. ತುಂಬಾ ದೂರದ ವೈರು ಮಾತ್ರ ಎರಡರಲ್ಲೂ ಸ್ವಲ್ಪ ತುಂಡು ತುಂಡಾಗುತ್ತದೆ.

ಚೌಕಚುಕ್ಕಿ
ಅದು ಆಗಲೇಬೇಕು. ಬಿಂದುಗಳನ್ನು ಎರಡು ಪಟ್ಟು ಹತ್ತಿರ ಇಟ್ಟರೆ ಎರಡು ಪಟ್ಟು ತೆಳುವಾದ ವಸ್ತುವಿನ ತನಕ ಹಿಡಿಯಬಹುದು. ವೈರು ಇನ್ನೂ ದೂರ ಹೋಗಿ ಅದಕ್ಕಿಂತ ತೆಳುವಾದರೆ ಮತ್ತೆ ಅದೇ ಕಥೆ. ಸೂಪರ್‌ಸ್ಯಾಂಪ್ಲಿಂಗ್ ಅಲಿಯಾಸಿಂಗನ್ನು ಮುಂದಕ್ಕೆ ತಳ್ಳುತ್ತದೆ, ಅಳಿಸುವುದಿಲ್ಲ. ಒಳ್ಳೆಯ ಎಂಜಿನ್‌ಗಳಲ್ಲಿ ವೈರು ಒಂದು ಪಿಕ್ಸೆಲ್‌ಗಿಂತ ತೆಳುವಾಗದಂತೆ ತಡೆದು, ಬದಲಿಗೆ ಅದನ್ನು ಪಾರದರ್ಶಕ ಮಾಡುತ್ತಾ ಹೋಗುತ್ತಾರೆ. ಅದು ಗೇಮ್ ಮಾಡುವವರ ಕೈಯಲ್ಲಿದೆ.

ನಿಧಾನಿ
ಸ್ಕ್ರೀನ್‌ಶಾಟ್ ತೆಗೆಯುವಾಗ ಮಾತ್ರ 4ಕೆ ಏರಿಸಿ, ಆಡುವಾಗ ಇಳಿಸಬಹುದಾ?

ಬೆಳಕಿನಕೋಲು
ಖಂಡಿತ, ಬಹಳ ಜನ ಹಾಗೇ ಮಾಡುತ್ತಾರೆ. ನಿಂತ ಚಿತ್ರಕ್ಕೆ ಫ್ರೇಮ್ ದರದ ಚಿಂತೆ ಇಲ್ಲ. ಸೆಕೆಂಡಿಗೆ ಐದು ಫ್ರೇಮ್ ಬಂದರೂ ಸಾಕು. ಗೇಮನ್ನು ಪಾಜ್ ಮಾಡಿ ನಿಲ್ಲಿಸಿರುವಾಗಲೂ ರೆಂಡರ್ ಆಗುತ್ತಿದ್ದರೆ ಟಿಎಎಗೆ ಒಂದೆರಡು ಸೆಕೆಂಡ್ ಕೊಡಿ, ಬಿಂದುಗಳೆಲ್ಲ ಕೂಡಿಕೊಳ್ಳಲಿ. ಆಮೇಲೆ ತೆಗೆಯಿರಿ. ಬ್ಲೂಮ್, ಫಿಲ್ಮ್ ಗ್ರೇನ್‌ಗಳ ಅಳತೆ ಪಿಕ್ಸೆಲ್ ಲೆಕ್ಕದಲ್ಲಿ ಇದ್ದರೆ ಏರಿಸಿದಾಗ ಅವು ಚಿಕ್ಕದಾಗಿ ಕಾಣುತ್ತವೆ, ಗ್ರೇನ್ ಅಂತೂ ಆಫ್ ಮಾಡಿಬಿಡಿ. ಡ್ರೈವರ್ ಮೂಲಕ ಏರಿಸಿದ್ದರೆ ಗೇಮಿನದೇ ಸ್ಕ್ರೀನ್‌ಶಾಟ್ ಬಟನ್ ಒತ್ತಿ. ಫೈಲ್ ಪೂರ್ತಿ 3840×2160 ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.